ಮೂರನೇ ನಂಬರಿನವರ ಕೈಯಲ್ಲಿದೆ

ರಾಜಾಜಿನಗರದ ನಮ್ಮ ಕಾರ್ಖಾನೆಯಲ್ಲಿ ಊಟದ ಸೈರನ್ ಕೂಗಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಮೆಷಿನ್ನಿನ ಮೇನ್ ಸ್ವಿಚ್ ಆರಿಸಿ ಏಳಬೇಕಿತ್ತು. ಕಾರಣವಿಲ್ಲದೆ ಹುಟ್ಟಿದ ನಿಯಮವಲ್ಲ. ನಾನು ಸೇರುವುದಕ್ಕೂ ಮುಂಚೆ ಒಮ್ಮೆ ಕರೆಂಟು ಹೋಗಿದ್ದಾಗ ತಗಡು ಒತ್ತುವ ಪ್ರೆಸ್ಸಿನ ಸ್ವಿಚ್ಚನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಿದ್ದರಂತೆ. ಕರೆಂಟು ಬಂದಾಗ ಪ್ರೆಸ್ಸು ತಾನಾಗಿ ಓಡತೊಡಗಿ, ಅದನ್ನು ಒರೆಸುತ್ತಿದ್ದವನ ಕೈ ಹೋಯಿತು. ಅಂದಿನಿಂದ ಊಟದ ಹೊತ್ತಿನಲ್ಲಿ ಸೇಫ್ಟಿ ಆಫೀಸರು ಮೆಷಿನ್ನುಗಳಿದ್ದ ಶಾಪಿನೊಳಗೆ ಒಂದು ಸುತ್ತು ಬರುತ್ತಿದ್ದರು. ಯಾವ ಮೆಷಿನ್ನಿನ ಕೆಂಪು ದೀಪ ಉರಿಯುತ್ತಿರುತ್ತದೋ ಆ ಮೆಷಿನ್ನಿನವನಿಗೆ ಅಂದೇ ಮೆಮೊ.

ಮಹಡಿಯ ಮೇಲಿದ್ದ ಪ್ಲಾನಿಂಗ್ ವಿಭಾಗಕ್ಕೂ ಇದು ಅನ್ವಯಿಸುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಕೇಳುವ ಪ್ರಮೇಯವೂ ಬಂದಿರಲಿಲ್ಲ. ನಮ್ಮಲ್ಲಿದ್ದದ್ದು ಟೈಪ್‌ರೈಟರುಗಳು, ಕಬ್ಬಿಣದ ಬೀರುಗಳು, ಒಂದು ಸೈಕ್ಲೋಸ್ಟೈಲ್ ಯಂತ್ರ.

ನಾನು ಆ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದೆ. ನಮ್ಮ ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರು. ನಮ್ಮ ಮನೆಯಲ್ಲಿ ಸ್ನಾನ, ಊಟ, ಓದು, ದೀಪ ಆರಿಸುವುದು ಎಲ್ಲವೂ ಗಾಡಿಗಳ ವೇಳೆಯ ಪ್ರಕಾರ ನಡೆಯುತ್ತಿತ್ತು. ಹಾಗೆ ಬೆಳೆದವಳಿಗೆ ಕಾರ್ಖಾನೆಯ ಸೈರನ್ ಎಂದೂ ಕಿರಿಕಿರಿ ಅನ್ನಿಸಲಿಲ್ಲ. ಕೆಂಗೇರಿಯಿಂದ ಬಸ್ಸು ಹಿಡಿದು ಬಂದು, ಸೈರನ್ನಿಗೆ ಮುಂಚೆಯೇ ಮೇಜು ಒರೆಸಿ, ಪೆನ್ಸಿಲ್ ಕೆತ್ತಿ ಕೂತಿರುತ್ತಿದ್ದೆ. ಅದು ನನ್ನ ಹೆಚ್ಚುಗಾರಿಕೆ ಅಲ್ಲ, ಅಭ್ಯಾಸ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ವಿಭಾಗಕ್ಕೆ ನಾಲ್ಕು ಕಂಪ್ಯೂಟರು ಬಂದವು. ಮ್ಯಾನೇಜರ ಕೋಣೆಯ ಪಕ್ಕದಲ್ಲಿ ಗಾಜಿನ ಗೂಡು ಕಟ್ಟಿಸಿ, ಏಸಿ ಹಾಕಿಸಿ, ಐದನೆಯದೊಂದನ್ನು ಇಟ್ಟರು. ಅದನ್ನು ನಾವು ದೊಡ್ಡ ಮೆಷಿನ್ ಎನ್ನುತ್ತಿದ್ದೆವು. ಫೈಲುಗಳೆಲ್ಲ ಅದರೊಳಗೆ. ನಾಲ್ವರೂ ತಮ್ಮ ತಮ್ಮ ಮೇಜಿನಿಂದಲೇ ಒಂದು ತಂತಿಯ ಮೂಲಕ ಆ ಫೈಲುಗಳನ್ನು ತೆಗೆದು, ತಿದ್ದಿ, ಹಿಂದಕ್ಕೆ ಇಡಬಹುದು. ಅದುವರೆಗೆ ಫ್ಲಾಪಿ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದವರಿಗೆ ಇದೊಂದು ದೊಡ್ಡ ಸುಖ. ಫೈಲು ಹಂಚಿಕೊಳ್ಳುವ ಈ ಪ್ರೋಗ್ರಾಮನ್ನು ಬರೆದದ್ದು ಬಸವೇಶ್ವರನಗರದಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದಿದ್ದ ಸಣ್ಣ ಕಂಪನಿ. ಅದರ ಪರವಾಗಿ ಸ್ಕೂಟರಿನಲ್ಲಿ ಬರುತ್ತಿದ್ದವನು ಆಗತಾನೇ ಇಂಜಿನಿಯರಿಂಗ್ ಮುಗಿಸಿದ್ದ ತರುಣ. ಒಳ್ಳೆಯವನು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುತ್ತಿದ್ದ.

ಮೊದಲ ಆವೃತ್ತಿಯಲ್ಲಿ ಒಂದು ದೋಷವಿತ್ತು. ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತೆಗೆಯಬಹುದಿತ್ತು. ಯಾರು ಕೊನೆಗೆ ಇಡುತ್ತಾರೋ ಅವರದು ಉಳಿಯುತ್ತಿತ್ತು, ಮೊದಲಿನವರು ತಿದ್ದಿದ್ದು ಅಳಿಸಿಹೋಗುತ್ತಿತ್ತು. ಪಂಪಿನ ಮೋಟಾರಿನ ಬಿಡಿಭಾಗಗಳ ಫೈಲಿಗೆ ಹೀಗಾಗಿ, ಬೇಡದ ಬೋಲ್ಟುಗಳು ಮೂಟೆಗಟ್ಟಲೆ ಬಂದು ಬಿದ್ದವು. ಎಲ್ಲರೂ ಸೇರಿ ದೂರಿದೆವು. ‘ಒಬ್ಬರು ತಗೊಂಡಿರುವಾಗ ಇನ್ನೊಬ್ಬರಿಗೆ ಸಿಗದ ಹಾಗೆ ಮಾಡಿಕೊಡಪ್ಪಾ’ ಎಂದೆವು. ತರುಣ ತಲೆಯಾಡಿಸಿ ಹೋದ. ಕೆಲವು ತಿಂಗಳಲ್ಲಿ ಹೊಸ ಆವೃತ್ತಿ ಹಿಡಿದುಕೊಂಡು ಬಂದ.

ನನಗೆ ಅದು ಕೂಡಲೇ ಅರ್ಥವಾಯಿತು. ನಮ್ಮ ತಂದೆಯ ಕಾಲದಲ್ಲಿ ಒಂದೇ ಹಳಿಯ ಮಾರ್ಗದಲ್ಲಿ ಡ್ರೈವರನ ಕೈಗೆ ಒಂದು ಟೋಕನ್ ಕೊಡುತ್ತಿದ್ದರು. ಆ ಟೋಕನ್ ಮುಂದಿನ ಸ್ಟೇಷನ್ನಿಗೆ ಮುಟ್ಟುವವರೆಗೆ ಆ ಹಳಿಯ ಮೇಲೆ ಇನ್ನೊಂದು ಗಾಡಿ ಬಿಡುವಂತಿಲ್ಲ. ಇಲ್ಲಿಯೂ ಹಾಗೆಯೇ. ಒಬ್ಬರು ಫೈಲು ತೆಗೆದರೆ ಮಿಕ್ಕವರ ಪರದೆಯ ಮೇಲೆ, ಇಂಗ್ಲಿಷಿನಲ್ಲಿ, ಫೈಲು ಇಂಥ ನಂಬರಿನವರ ಕೈಯಲ್ಲಿದೆ ಎಂದು ಬರುತ್ತಿತ್ತು. ಒಂದು, ಎರಡು ನಂಬರಿನಲ್ಲಿ ಇಬ್ಬರು ಇಂಜಿನಿಯರುಗಳು. ನಾಲ್ಕನೆಯದು ಪರ್ಚೇಸಿನ ಗುಮಾಸ್ತನದು.

ಮೂರನೆಯದರಲ್ಲಿ ಕೂರುತ್ತಿದ್ದ ಹೆಣ್ಣುಮಗಳ ಬಗ್ಗೆಯೇ ನಾನು ಈಗ ಬರೆಯುತ್ತಿರುವುದು.

ಆಕೆಯ ಗಂಡ ನಮ್ಮಲ್ಲೇ ವೈಂಡಿಂಗ್ ಶಾಪಿನಲ್ಲಿದ್ದರು, ಎಂದರೆ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕಡೆ. ಕಾಯಿಲೆಯಿಂದ ತೀರಿಹೋದರು. ಅನುಕಂಪದ ಆಧಾರದ ಮೇಲೆ ಆಕೆಗೆ ಕೆಲಸ ಸಿಕ್ಕಿತು. ಮೊದಲು ಒಂದಷ್ಟು ಕಾಲ ವೈಂಡಿಂಗಿನಲ್ಲೇ ತಂತಿ ಸುತ್ತಿದಳು. ಟೈಪಿಂಗ್ ಪಾಸಾಗಿದ್ದರಿಂದ ನಾನು ಕೇಳಿಕೊಂಡು ಮೇಲಕ್ಕೆ ತರಿಸಿಕೊಂಡೆ. ಬಿಡಿಭಾಗಗಳ ಫೈಲು ನೋಡಿಕೊಳ್ಳುವುದು ಆಕೆಯ ಕೆಲಸ. ಆಫೀಸಿನಲ್ಲಿ ಕಾಯಂ ಆಗುವವರೆಗೆ ಪ್ರೊಬೇಷನ್. ಕಾಯಂ ಆಗದಿದ್ದರೆ ವೈಂಡಿಂಗಿಗೆ ವಾಪಸು. ಅಷ್ಟರಲ್ಲಿ ವೈಂಡಿಂಗ್ ಶಾಪು ಲಗ್ಗೆರೆಯ ಆಚೆಗಿದ್ದ ಹೊಸ ಶೆಡ್ಡಿಗೆ ಹೋಗಿತ್ತು. ಅಲ್ಲಿ ಪಾಳಿ ಶುರುವಾಗುವುದು ಬೆಳಿಗ್ಗೆ ಆರಕ್ಕೆ.

ಆಕೆ ಇದ್ದದ್ದು ವಿಜಯನಗರದಲ್ಲಿ. ಮನೆಯಲ್ಲಿ ಕಣ್ಣು ಮಂಜಾದ ಅತ್ತೆ, ಮೂರನೇ ಕ್ಲಾಸಿನ ಮಗಳು. ‘ಮೇಡಂ, ನಂಗೆ ಸಂಬಳ ಎಲ್ಲಾದ್ರೂ ಒಂದೇ’ ಎಂದು ಆಕೆ ಒಮ್ಮೆ ಹೇಳಿದ್ದಳು. ‘ಇಲ್ಲಿದ್ರೆ ಮಗೂಗೆ ಜಡೆ ಹಾಕಿ, ಸ್ಕೂಲ್ ಗೇಟ್ ತನಕ ಬಿಟ್ಟು ಬರ್ತೀನಿ. ಅದೊಂದಕ್ಕೇ ನೋಡಿ.’ ಅಷ್ಟೇ ಆಕೆಯ ಆಸೆ.

ಹೊಸ ಆವೃತ್ತಿ ಬಂದ ಮೇಲೆ ಬೆಳಗಿನ ಹೊತ್ತು ಎಲ್ಲವೂ ಸರಿಯಾಗಿತ್ತು. ಊಟ ಮುಗಿಸಿ ಬಂದ ಮೇಲೆ ತೊಂದರೆ. ಗುಮಾಸ್ತ ಬಿಡಿಭಾಗಗಳ ಫೈಲು ತೆಗೆಯಲು ಹೋದರೆ ಪರದೆಯ ಮೇಲೆ ಅದೇ ಸಾಲು: ಮೂರನೇ ನಂಬರಿನವರ ಕೈಯಲ್ಲಿದೆ.

‘ಅಕ್ಕ, ಫೈಲ್ ಬಿಡಕ್ಕ.’

‘ನಾನು ಮುಟ್ಟೇ ಇಲ್ಲ. ಈಗಿನ್ನೂ ಬಂದು ಕೂತಿದೀನಿ.’

‘ನನ್ ಸ್ಕ್ರೀನ್ ಮೇಲೆ ನಿನ್ ನಂಬರೇ ಕುಣೀತಿದೆ.’

‘ನಂಗೂ ಸಿಗ್ತಿಲ್ಲ ಕಣಪ್ಪ. ನಂಗೂ ಮೂರನೇ ನಂಬರು ಅಂತಲೇ ಬರ್ತಿದೆ.’

‘ಅಂದ್ರೆ ನಿನ್ ಫೈಲ್ನ ನೀನೇ ಹಿಡ್ಕೊಂಡು ನಿಂಗೇ ಕೊಡ್ತಿಲ್ವಾ? ಭಲೇ ಅಕ್ಕ.’

ಇಂಜಿನಿಯರುಗಳು ನಕ್ಕರು. ಆಕೆಯೂ ನಕ್ಕಳು. ಆದರೆ ಇದು ದಿನವೂ ಆಗತೊಡಗಿತು. ದೊಡ್ಡ ಮೆಷಿನ್ನನ್ನು ಒಮ್ಮೆ ಆರಿಸಿ ಹಚ್ಚಿದರೆ ಫೈಲು ಬಿಡುಗಡೆ ಆಗುತ್ತಿತ್ತು. ಗಾಜಿನ ಗೂಡಿನ ಬೀಗದ ಕೈ ಮಾತ್ರ ಮ್ಯಾನೇಜರ ಹತ್ತಿರ. ಅವರು ಊಟಕ್ಕೆ ಮನೆಗೆ ಹೋಗಿ ಬರುವವರು. ಅವರು ಬರುವವರೆಗೆ ಎಲ್ಲರೂ ಕೈಕಟ್ಟಿ ಕೂರಬೇಕು. ಬಂದವರು ಬೀಗ ತೆಗೆಯುತ್ತಾ ಪ್ರತಿದಿನ ಕೇಳುತ್ತಿದ್ದದ್ದು ಒಂದೇ ಮಾತು: ‘ಯಾರು, ಮೂರಾ?’

ಗುಮಾಸ್ತ ಆಕೆಗೆ ಗೋಂದಕ್ಕ ಎಂದು ಹೆಸರಿಟ್ಟ. ಹಿಡಿದರೆ ಬಿಡುವುದಿಲ್ಲ ಎಂಬ ಅರ್ಥದಲ್ಲಿ. ಅವನಲ್ಲಿ ಕೆಟ್ಟತನವಿರಲಿಲ್ಲ. ಆಕೆಯ ಡಬ್ಬಿಯ ಉಪ್ಪಿನಕಾಯಿಯನ್ನು ತಿಂದವನೇ ಅವನು. ಆದರೂ ಹೆಸರು ನಿಂತಿತು. ಮಧ್ಯಾಹ್ನ ಕರೆಂಟು ಹೋದಾಗ ದೊಡ್ಡ ಮೆಷಿನ್ ಒಂದೇ ಬ್ಯಾಟರಿಯ ಮೇಲೆ ಓಡುತ್ತಿತ್ತಾದ್ದರಿಂದ, ಆಮೇಲೆ ಒಂದೊಂದು ಫೈಲಿಗೆ ಒಬ್ಬೊಬ್ಬರಂತೆ ನಾಲ್ವರ ನಂಬರೂ ಪರದೆಯ ಮೇಲೆ ಬೀಳುತ್ತಿದ್ದವು. ಆಗ ಎಲ್ಲರೂ ಕರೆಂಟನ್ನು ಬೈಯುತ್ತಿದ್ದರು. ಒಬ್ಬಳದೇ ನಂಬರು ಬಿದ್ದಾಗ ಬೈಗುಳಕ್ಕೆ ಒಂದು ಮುಖ ಸಿಕ್ಕಂತಾಗುತ್ತಿತ್ತು.

ಮ್ಯಾನೇಜರು ನನ್ನನ್ನು ಕರೆಸಿದರು. ‘ಏನ್ ಮೇಡಂ ಇದು? ಆಕೆ ಏನಾದ್ರೂ ಬೇಕಂತಲೇ ಮಾಡ್ತಿದಾರಾ? ಫೈಲ್ ತಮ್ಮ ಕೈಲೇ ಇರ್ಲಿ, ತಮ್ಮನ್ನ ಬಿಟ್ರೆ ಆಗಲ್ಲ ಅನ್ನಿಸ್ಲಿ ಅಂತ?’

‘ಇಲ್ಲ ಸಾರ್, ಆಕೆ ಅಂಥವರಲ್ಲ.’

‘ಮತ್ತೆ ಕಂಪ್ಯೂಟರ್ ಸುಳ್ಳು ಹೇಳುತ್ತಾ?’

ನೋಡುತ್ತೇನೆ ಎಂದೆ. ‘ನೋಡಿ. ಈ ತಿಂಗಳು ಆಕೇದು ಕನ್ಫರ್ಮೇಷನ್ನು ಬರೀಬೇಕು ನಾನು’ ಎಂದರು.

ಮಾರನೆಯ ದಿನ ಊಟದ ಹೊತ್ತಿಗೆ ನಾನು ಆಕೆಯ ಮೇಜಿನ ಪಕ್ಕದಲ್ಲೇ ಕೂತೆ. ಆಕೆ ಬೋಲ್ಟು, ವಾಷರುಗಳ ಸಾಲುಗಳನ್ನು ತಿದ್ದುತ್ತಿದ್ದಳು. ಸೈರನ್ ಕೂಗಿತು. ಕೀಲಿಮಣೆಯಿಂದ ಬೆರಳು ತೆಗೆದಳು, ಎಡಗೈಯನ್ನು ಗೋಡೆಗೆ ಚಾಚಿ ಸ್ವಿಚ್ಚು ಆರಿಸಿದಳು, ಸೆರಗು ಸರಿಮಾಡಿಕೊಂಡು ಎದ್ದಳು. ಎಲ್ಲವೂ ಒಂದೇ ಉಸಿರಿನಲ್ಲಿ. ಪರದೆ ಚುಕ್ಕಿಯಾಗಿ ಕರಗಿಹೋಯಿತು. ಸುತ್ತ ನೋಡಿದೆ. ಮಿಕ್ಕ ಮೂರೂ ಮೆಷಿನ್ನುಗಳು ಉರಿಯುತ್ತಲೇ ಇದ್ದವು. ಸೈರನ್ ಕೂಲಿಯವರಿಗೆ, ತಮಗಲ್ಲ ಎಂದು ಅವರೆಲ್ಲ ತಿಳಿದಿದ್ದರು.

‘ಯಾಕಮ್ಮ ಆಫ್ ಮಾಡಿದೆ?’

ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಸೈರನ್ ಆಯ್ತಲ್ಲ ಮೇಡಂ.’

ಅಲ್ಲಿಗೆ ನನಗೆ ತಿಳಿಯಿತು. ಫೈಲನ್ನು ಮುಚ್ಚದೆ ಮೇನ್ ಆರಿಸಿದರೆ, ಆಕೆ ಫೈಲು ಹಿಂದಿರುಗಿಸಿದ ಸುದ್ದಿ ದೊಡ್ಡ ಮೆಷಿನ್ನಿಗೆ ಮುಟ್ಟುತ್ತಿರಲಿಲ್ಲ. ಗಾಡಿ ನಿಂತುಹೋಗಿದೆ, ಟೋಕನ್ ಡ್ರೈವರನ ಕೈಯಲ್ಲೇ ಇದೆ. ರೈಲ್ವೆಯಲ್ಲಾದರೆ ಹಳಿಯ ಮೇಲೆ ನಡೆದು ಹೋಗಿ ಟೋಕನ್ ತರುವವನೊಬ್ಬ ಇರುತ್ತಾನೆ. ಈ ಪ್ರೋಗ್ರಾಮಿನಲ್ಲಿ ಅಂಥವನು ಇರಲಿಲ್ಲ. ಇಡೀ ವಿಭಾಗದಲ್ಲಿ ಕಾರ್ಖಾನೆಯ ನಿಯಮವನ್ನು ಪಾಲಿಸುತ್ತಿದ್ದದ್ದು ಆಕೆ ಒಬ್ಬಳೇ. ದಿನವೂ ಹೆಸರು ಕೆಡಿಸಿಕೊಳ್ಳುತ್ತಿದ್ದದ್ದೂ ಆಕೆ ಒಬ್ಬಳೇ.

ಕಾರಣ ಸಿಕ್ಕಿತೆಂದು ನನಗೆ ಸಂತೋಷವಾಯಿತು. ಸಿಕ್ಕ ಕಾರಣವನ್ನು ಸರಿಯಾದವರ ಮುಂದೆ ಸರಿಯಾದ ಮಾತಿನಲ್ಲಿ ಇಟ್ಟರೆ ಸಾಕು ಎಂಬುದು ನಾನು ಬೆಳೆದ ಕ್ರಮ. ಆ ವಾರವೇ ಪ್ರೋಗ್ರಾಮಿನ ತರುಣ ಬರುವವನಿದ್ದ. ಹೊಸ ಆವೃತ್ತಿ ಹೇಗಿದೆ, ಬಳಸುವವರ ಅಭಿಪ್ರಾಯವೇನು ಎಂದು ಕೇಳಿಕೊಂಡು ಹೋಗಲು. ಅವತ್ತು ಹೇಳೋಣವೆಂದು ಕಾದೆ.

ಸಭೆ ಮ್ಯಾನೇಜರ ಕೋಣೆಯಲ್ಲಿ. ಕ್ಯಾಂಟೀನಿನಿಂದ ಖಾರಾಬಾತು, ಕಾಫಿ ತರಿಸಿದ್ದರು. ತರುಣ ಕುರ್ಚಿಯ ತುದಿಯಲ್ಲಿ ಕೂತು ಒಬ್ಬೊಬ್ಬರನ್ನೇ ಕೇಳಿದ. ಹೊಸ ಸೊಸೆ ಮಾಡಿದ ಪಾಯಸವನ್ನು ಅತ್ತೆಯ ಎದುರು ಕೂತು ಉಂಡವರು ಸಕ್ಕರೆ ಸಾಲದು ಎನ್ನುತ್ತಾರೆಯೇ? ಆ ಪ್ರೋಗ್ರಾಮು ಕೊಂಡವರು ಮ್ಯಾನೇಜರು. ಅವರು ಅಲ್ಲೇ ಕಾಫಿ ಹೀರುತ್ತಿದ್ದರು.

‘ಚೆನ್ನಾಗಿದೆ’ ಎಂದರು ಒಂದನೇ ನಂಬರಿನವರು.

‘ಸ್ವಲ್ಪ ಸ್ಲೋ ಅನ್ಸುತ್ತೆ. ಪರ್ವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀವಿ’ ಎಂದರು ಎರಡನೆಯವರು.

‘ಸೂಪರ್ ಸಾರ್’ ಎಂದ ಗುಮಾಸ್ತ. ‘ಗೋಂದಕ್ಕ ಒಬ್ರು ಫೈಲ್ ಬಿಟ್ಕೊಟ್ಬಿಟ್ರೆ ಇನ್ನೂ ಸೂಪರ್.’

ಎಲ್ಲರೂ ನಕ್ಕರು. ಆಕೆ ತಟ್ಟೆಯ ಖಾರಾಬಾತನ್ನು ಚಮಚದಿಂದ ಒಂದು ಕಡೆಗೆ ಒತ್ತುತ್ತಿದ್ದಳು. ತರುಣ ಆಕೆಯನ್ನು ಕೇಳಿದ: ‘ನಿಮಗೆ ಏನಾದ್ರೂ ತೊಂದ್ರೆ ಇದ್ಯಾ ಮೇಡಂ?’

‘ಏನಿಲ್ಲ ಸಾರ್. ಚೆನ್ನಾಗಿದೆ.’

ಆಗ ನಾನು ಮಾತನಾಡಿದೆ. ಸೈರನ್ನಿನ ನಿಯಮ, ಮೇನ್ ಆರಿಸುವುದು, ಫೈಲು ಸಿಕ್ಕಿಕೊಳ್ಳುವುದು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಟೋಕನ್ನಿನ ವಿಷಯವನ್ನೂ ಹೇಳಿದೆ. ‘ಮೆಷಿನ್ನೇ ಆರಿಹೋಗಿದೆ ಅಂದ್ರೆ ಫೈಲು ಯಾರ ಕೈಲೂ ಇಲ್ಲ ಅಂತ ಅಲ್ವೇನಪ್ಪ? ಅದನ್ನ ತಾನಾಗೇ ವಾಪಸ್ ತಗೊಳ್ಳೋ ಹಾಗೆ ಮಾಡ್ಬೇಕು ನೀವು.’

ತರುಣ ಗಮನವಿಟ್ಟು ಕೇಳಿದ. ಅವನು ಅಹಂಕಾರದ ಮಾತೇನೂ ಆಡಲಿಲ್ಲ. ‘ನೀವು ಹೇಳೋದು ಸರಿ ಮೇಡಂ. ಮಾಡ್ಬಹುದು. ಮುಂದಿನ ಆವೃತ್ತಿಗೆ ಖಂಡಿತ ಸೇರಿಸ್ತೀನಿ’ ಎಂದು ಬರೆದುಕೊಂಡ. ಆಮೇಲೆ, ತನ್ನ ಕೆಲಸದ ಮೇಲೆ ತಪ್ಪು ನಿಲ್ಲಬಾರದೆಂಬ ಸಹಜವಾದ ಅಳುಕಿನಿಂದ ಇರಬೇಕು, ಸೇರಿಸಿದ: ‘ಆದ್ರೆ ಇದು ಪ್ರೋಗ್ರಾಂ ತಪ್ಪಲ್ಲ ಸಾರ್. ಫೈಲ್ ಮುಚ್ಚಿ ಆಮೇಲೆ ಆಫ್ ಮಾಡ್ಬೇಕು ಅಂತ ಟ್ರೈನಿಂಗ್ ದಿನವೇ ಹೇಳಿದ್ವಿ.’

ಮ್ಯಾನೇಜರು ಲೋಟ ಕೆಳಗಿಟ್ಟರು. ‘ಅಂದ್ರೆ ತಪ್ಪು ಆಕೇದೇ ಅಂತಾಯ್ತು.’

‘ಹಾಗಲ್ಲ ಸಾರ್’ ಎಂದೆ. ‘ಟ್ರೈನಿಂಗ್ ಕೊಟ್ಟಿದ್ದು ಇಂಜಿನಿಯರುಗಳಿಗೆ. ಈಕೇನ ಕರೆದಿರಲಿಲ್ಲ. ಈಕೆಗೆ ಗೊತ್ತಿರೋದು ಸೈರನ್ ನಿಯಮ ಒಂದೇ.’

‘ಮೇಡಂ, ಸೈರನ್ ಇರೋದು ಪ್ರೆಸ್ಸು, ಲೇತಿಗೆ. ಇದು ಲೇತಾ? ಅಷ್ಟು ವ್ಯತ್ಯಾಸ ಗೊತ್ತಾಗ್ಬೇಡ್ವಾ ಆಫೀಸಲ್ಲಿರೋರಿಗೆ?’

ಕಾಫಿ ಮುಗಿಯಿತು. ಎಲ್ಲರೂ ಎದ್ದರು. ಅದುವರೆಗೆ ಆಕೆಯ ಮೇಲಿದ್ದದ್ದು ಅನುಮಾನ ಮಾತ್ರ. ನಾನು ಬಿಡಿಸಿ ಹೇಳಿದ ಮೇಲೆ ಅದಕ್ಕೆ ಆಧಾರ ಸಿಕ್ಕಿತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಬೇರೆ ಏನು ಹೇಳಬಹುದಿತ್ತೋ ನನಗೆ ಈಗಲೂ ತೋಚಿಲ್ಲ.

ಅವತ್ತು ಮಧ್ಯಾಹ್ನವೇ ಫೈಲು ಮುಚ್ಚುವುದನ್ನು ಆಕೆಗೆ ಕಲಿಸಿದೆ. ಕಲಿಯುವುದಕ್ಕೆ ಏನಿತ್ತು ಅದರಲ್ಲಿ? ಎರಡು ಕೀಲಿ ಒತ್ತುವ ಕೆಲಸ. ಆದರೆ ಫೈಲು ದೊಡ್ಡದು. ತಂತಿಯ ಮೂಲಕ ಹಿಂದಕ್ಕೆ ಹೋಗಿ ಕೂರುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಅದು ಮುಗಿಯುವ ಮುಂಚೆ ಸೈರನ್ ಕೂಗಿದರೆ ಆಕೆಯ ಎಡಗೈ ತಾನಾಗಿ ಗೋಡೆಯ ಕಡೆಗೆ ಹೋಗುತ್ತಿತ್ತು. ನಾನು ‘ಇರಮ್ಮ, ಇರು’ ಎನ್ನುತ್ತಿದ್ದೆ. ಆಕೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮೆಟ್ಟಿಲ ಕಡೆ ನೋಡುತ್ತಾ ಕಾಯುತ್ತಿದ್ದಳು. ಸೇಫ್ಟಿ ಆಫೀಸರು ಮೇಲಕ್ಕೆ ಬಂದಾರು ಎಂಬ ಭಯ.

ನಾನೇ ಹೋಗಿ ಅವರನ್ನು ಕೇಳಿದೆ. ಪ್ಲಾನಿಂಗಿನ ಕಂಪ್ಯೂಟರಿಗೆ ಸೈರನ್ ನಿಯಮ ಇಲ್ಲವೆಂದು ಒಂದು ಸಾಲು ಬರೆದುಕೊಡಿ ಎಂದೆ.

‘ಬರ್ಕೊಡಕ್ಕಾಗಲ್ಲ ಮೇಡಂ’ ಎಂದರು. ‘ನಿಮಗೆ ಇವತ್ತು ಬಿಟ್ರೆ ನಾಳೆ ಪ್ರೆಸ್ ಶಾಪಿನವರು ನಮಗ್ಯಾಕಿಲ್ಲ ಅಂತಾರೆ. ಹಾಗಂತ ಮೇಲೆ ಬಂದು ನಾನೇನೂ ನೋಡಲ್ಲ, ಬಿಡಿ.’

ಅವರ ಮಾತೂ ಸರಿಯೇ. ಆ ದಿನಗಳಲ್ಲಿ ನಾನು ಯಾರ ಹತ್ತಿರ ಹೋದರೂ ಅವರ ಮಾತು ಸರಿಯಾಗಿಯೇ ಇರುತ್ತಿತ್ತು.

ಅಲ್ಲಿಂದ ಮುಂದೆ ಆಕೆಯಿಂದಾಗಿ ಫೈಲು ಸಿಕ್ಕಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಗುಮಾಸ್ತನೇ ಫೈಲು ಮುಚ್ಚದೆ ಬ್ಯಾಂಕಿಗೆ ಹೋಗಿಬಿಟ್ಟ. ಎಲ್ಲರ ಪರದೆಯ ಮೇಲೂ ನಾಲ್ಕನೇ ನಂಬರು ಬಂತು. ಮ್ಯಾನೇಜರು ಬೀಗದ ಕೈ ಹಿಡಿದು ಬಂದರು. ಬರುತ್ತಲೇ, ‘ಮತ್ತೆ ಮೂರಾ?’ ಎಂದರು. ನಾನು ‘ಅಲ್ಲ ಸಾರ್, ನಾಲ್ಕು’ ಎಂದೆ. ‘ಓಹೋ, ಇವನೂ ಕಲ್ತುಬಿಟ್ನಾ ಆಕೇನ ನೋಡಿ’ ಎಂದು ನಗುತ್ತಾ ಒಳಗೆ ಹೋದರು.

ತಿಂಗಳ ಕೊನೆಯಲ್ಲಿ ಆದೇಶ ಬಂತು. ಆಫೀಸು ಕೆಲಸಕ್ಕೆ ಒಗ್ಗುತ್ತಿಲ್ಲವಾದ್ದರಿಂದ ವೈಂಡಿಂಗ್ ವಿಭಾಗಕ್ಕೆ ಹಿಂದಕ್ಕೆ ಕಳುಹಿಸಲಾಗಿದೆ, ಅಲ್ಲಿ ಕಾಯಂ ಮಾಡಲಾಗಿದೆ. ಕೆಲಸದಿಂದ ತೆಗೆದಿರಲಿಲ್ಲ. ಹಾಗಾಗಿ ಅನ್ಯಾಯವಾಯಿತೆಂದು ಯೂನಿಯನ್ನಿನ ಮೂಲಕ ಹೋರಾಡುವುದಕ್ಕೂ ದಾರಿಯಿರಲಿಲ್ಲ. ‘ಕಾಯಂ ಆಯ್ತಲ್ಲ ಮೇಡಂ, ಇನ್ನೇನು ಬೇಕು?’ ಎಂದರು ಯೂನಿಯನ್ನಿನವರು.

ಆಕೆ ಹೊರಡುವ ದಿನ ಮೇಜಿನ ಡ್ರಾಯರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಹಿಂಡಿ ಕಿಟಕಿಗೆ ಹಾಕಿ ಬಂದಳು. ಗುಮಾಸ್ತ ಅವತ್ತು ಗೋಂದಕ್ಕ ಎನ್ನಲಿಲ್ಲ. ‘ಅಕ್ಕ, ಉಪ್ಪಿನಕಾಯಿ ಇನ್ಮೇಲೆ ಯಾರು ಕೊಡ್ತಾರೆ?’ ಎಂದ. ‘ಲಗ್ಗೆರೆಗೆ ಬಾ, ಕೊಡ್ತೀನಿ’ ಎಂದಳು. ನನಗೆ ನಮಸ್ಕಾರ ಮಾಡಿದಳು. ಮಗಳ ವಿಷಯ ಆಕೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೆಲವು ತಿಂಗಳ ಮೇಲೆ ತರುಣ ಇನ್ನೊಂದು ಆವೃತ್ತಿ ತಂದ. ಮೊದಲು ನನ್ನ ಮೇಜಿಗೇ ಬಂದ. ‘ಮೇಡಂ, ನಿಮ್ಮ ಪಾಯಿಂಟ್ ಸೇರಿಸಿದೀನಿ. ಮೆಷಿನ್ ಆಫ್ ಆದ್ರೆ ಫೈಲು ತಾನಾಗೇ ವಾಪಸ್ ಬರುತ್ತೆ.’ ಮೂರನೇ ನಂಬರಿನ ಮುಂದೆ ಕೂತು, ಬಿಡಿಭಾಗಗಳ ಫೈಲನ್ನೇ ತೆಗೆದು, ಗೋಡೆಯ ಸ್ವಿಚ್ಚನ್ನು ಫಟಾರನೆ ಆರಿಸಿ ತೋರಿಸಿದ. ಸ್ವಲ್ಪ ಹೊತ್ತಿಗೆ ಗುಮಾಸ್ತನ ಪರದೆಯಲ್ಲಿ ಫೈಲು ತೆರೆದುಕೊಂಡಿತು. ಮ್ಯಾನೇಜರು ಬೆನ್ನು ತಟ್ಟಿದರು. ‘ಇದೇ ನೋಡಿ, ಬಳಸೋರನ್ನ ಕೇಳಿದ್ರೆ ಆಗೋ ಲಾಭ.’

ತರುಣ ಮೂರನೇ ನಂಬರಿನ ಕುರ್ಚಿಯನ್ನು ನೋಡಿ, ‘ಆ ಮೇಡಂ ರಜಾನಾ?’ ಎಂದು ಕೇಳಿದ. ವೈಂಡಿಂಗಿಗೆ ಹೋದರು ಎಂದೆ. ಅವನು ಯಾಕೆಂದು ಕೇಳಲಿಲ್ಲ. ನನಗೂ ಹೇಳುವ ಮನಸ್ಸಾಗಲಿಲ್ಲ. ಹೇಳಿದ್ದರೆ ಅವನು ಏನು ಮಾಡಬಹುದಿತ್ತು?

ಮ್ಯಾನೇಜರನ್ನು ಕೇಳಿದೆ. ಈಗ ಆ ತೊಂದರೆಯೇ ಇಲ್ಲವಲ್ಲ, ಆಕೆಯನ್ನು ಮತ್ತೆ ಮೇಲಕ್ಕೆ ತರಿಸಬಹುದಲ್ಲವೇ ಎಂದೆ. ‘ಆ ಜಾಗಕ್ಕೆ ಬೇರೆಯವರು ಬರ್ತಿದಾರಲ್ಲ ಮೇಡಂ. ಆರ್ಡರ್ ಆಗಿದೆ’ ಎಂದರು. ಅದೂ ನಿಜವೇ.

ಒಂದು ದಿನ ಕೆಲಸದ ಮೇಲೆ ಲಗ್ಗೆರೆ ಕಡೆಯ ಶೆಡ್ಡಿಗೆ ಹೋಗಬೇಕಾಯಿತು. ವಾರ್ನಿಷಿನ ವಾಸನೆ, ತಗಡಿನ ಕಾವು. ಸಾಲಾಗಿ ಕೂತ ಹೆಂಗಸರ ನಡುವೆ ಆಕೆ ತಾಮ್ರದ ತಂತಿ ಸುತ್ತುತ್ತಿದ್ದಳು. ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟಳು. ಹೊಸ ಆವೃತ್ತಿಯ ಸುದ್ದಿ ಹೇಳಿದೆ. ಈಗ ಹೇಗೆ ಆರಿಸಿದರೂ ಫೈಲು ಸಿಕ್ಕಿಕೊಳ್ಳುವುದಿಲ್ಲ ಎಂದೆ.

‘ಒಳ್ಳೇದಾಯ್ತು ಬಿಡಿ ಮೇಡಂ. ಮುಂದೆ ಬರೋರಿಗೆ ಕಷ್ಟ ಇಲ್ಲ’ ಎಂದಳು.

ಮಗಳು ಹೇಗಿದ್ದಾಳೆ ಎಂದು ಕೇಳಿದೆ.

‘ಜಡೆ ತಾನೇ ಹಾಕ್ಕೋತಾಳಂತೆ. ಅತ್ತೆಗೆ ಕಣ್ಣು ಕಾಣಲ್ಲ, ಹಿಂದ್ಗಡೆ ಬೈತಲೆ ಸೊಟ್ಟ. ಮೇಷ್ಟ್ರು ನಕ್ರು ಅಂತ ಮೊನ್ನೆ ಅಳ್ತಿದ್ಲು. ಭಾನುವಾರ ಕೂರಿಸ್ಕೊಂಡು ಹೇಳ್ಕೊಟ್ಟಿದೀನಿ. ಕಲ್ತ್ಕೋತಾಳೆ.’

ಅಷ್ಟರಲ್ಲಿ ಸೈರನ್ ಕೂಗಿತು. ಆಕೆಯ ಎಡಗೈ ಗೋಡೆಗೆ ಹೋಯಿತು. ಸಾಲಿನ ಹೆಂಗಸರೆಲ್ಲರ ಕೈಗಳೂ ಒಟ್ಟಿಗೆ ಹೋದವು. ಕೆಂಪು ದೀಪಗಳೆಲ್ಲ ಒಂದೇ ಸಲ ಆರಿದವು. ಆಕೆ ಸೆರಗು ಸರಿಮಾಡಿಕೊಂಡು ಎದ್ದು, ‘ಊಟಕ್ಕೆ ಬನ್ನಿ ಮೇಡಂ, ಉಪ್ಪಿನಕಾಯಿ ತಂದಿದೀನಿ’ ಎಂದು ಕರೆದಳು.